ಹುಳುಮನೆಯ ಹಸಿರು ಚುಕ್ಕೆ

ಶಿಡ್ಲಘಟ್ಟ
೧೬ ಜೂನ್ ೨೦೨೪, ಭಾನುವಾರ

ನನ್ನ ಬಂಗಾರದಂಥ ಮೊಮ್ಮಗಳು ಹರಿತಾಗೆ,

ಅಜ್ಜಿಯ ಆಶೀರ್ವಾದ. ನಾವೆಲ್ಲ ಕ್ಷೇಮ. ಗೌರಿಬಿದನೂರಿನಲ್ಲಿ ನೀನೂ ನಿನ್ನ ಕಾಲೇಜಿನ ಕಂಪ್ಯೂಟರ್‌ಗಳೂ ಚೆನ್ನಾಗಿರಬೇಕು. ಬರೆಯುವುದು ತಡವಾಯಿತು, ಬೈಯಬೇಡ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಒಂದು ಒತ್ತಕ್ಷರ ಬರೆಯುವಷ್ಟರಲ್ಲಿ ಒಲೆಯ ಮೇಲಿನ ಸಾರು ಇಂಗಿಹೋಗುತ್ತದೆ. ಫೋನಿನಲ್ಲೇ ಹೇಳೋಣವೆಂದರೆ, ನಿನ್ನ ಫೋನ್ ಬಂದಾಗಲೆಲ್ಲ ನಿಮ್ಮಪ್ಪ ಇಲ್ಲದ ಕೆಲಸ ಹುಡುಕಿಕೊಂಡು ಪಕ್ಕಕ್ಕೇ ಬರುತ್ತಾನೆ. ಮೊನ್ನೆ ಕುಡುಗೋಲು ಮಸೆಯಲು ಕೂತವನು ಅದನ್ನು ಒಂದು ಸಲವೂ ಕಲ್ಲಿಗೆ ತಾಗಿಸಲಿಲ್ಲ.

ಆವತ್ತು ನೀನು ಕೇಳಿದೆ: “ಅಜ್ಜೀ, ಹುಳುಮನೇಲಿ ಕಾವು ಎಷ್ಟಿದೆ ಅಂತ ನನ್ನ ಫೋನಿಗೆ ದಿನಾ ಮೆಸೇಜ್ ಬರ್ತಿದೆ. ಕರೆಂಟ್ ಹೋದ್ರೆ ನಿಲ್ಲುತ್ತೆ, ಬೆಳಿಗ್ಗೆ ಮತ್ತೆ ಶುರುವಾಗುತ್ತೆ. ಅಪ್ಪ ಆ ಮಿಷನ್ನ ತಿಪ್ಪೆಗೆ ಎಸೀತೀನಿ ಅಂದಿದ್ರಲ್ಲ, ಯಾರು ಓಡಿಸ್ತಿದಾರೆ?” ನೋಡಿ ಬರೀತೀನಿ ಕಣೇ ಅಂದಿದ್ದೆ.

ನೋಡಿದೆ. ಲಿನಕ್ಸ್ ಅಂತ ಏನೋ ಹಾಕಿಟ್ಟ ನಿನ್ನ ಪುಟ್ಟ ಕಂಪ್ಯೂಟರ್ ರೇಷ್ಮೆ ಹುಳುಮನೆಯ ಕಿಟಕಿ ಪಕ್ಕದಲ್ಲೇ ಇದೆ. ನೀನು ಗೋಡೆಗೆ ಅಂಟಿಸಿದ್ದ ಸಾಲನ್ನು ಒಂದೇ ಬೆರಳಿನಲ್ಲಿ ಕುಟ್ಟಿದೆ. ಇಂಗ್ಲಿಷ್ ಬಾರದಿದ್ದರೇನು, ರಂಗೋಲಿ ನೋಡಿ ಬಿಡಿಸುವ ಹಾಗೆ ಒಂದೊಂದೇ ಅಕ್ಷರ ಹೋಲಿಸಿಕೊಂಡೆ. ಸಿಸ್ಟಮ್‌ಸಿಟಿಎಲ್, ಜಾಗ ಬಿಟ್ಟು ಸ್ಟೇಟಸ್, ಮತ್ತೆ ಜಾಗ ಬಿಟ್ಟು, ಕಾವು ಅಳೆದು ಮೆಸೇಜ್ ಕಳಿಸುವ ಪ್ರೋಗ್ರಾಮಿಗೆ ನೀನಿಟ್ಟ ಹೆಸರು, ಕಾವಲು. ಮೊದಲ ಸಲ ಜಾಗ ಬಿಡಲಿಲ್ಲ, ನಮ್ಮತ್ತೆಯ ಹಾಗೆ ಸಿಡುಕಿತು. ಆಮೇಲೆ ಹಸಿರು ಚುಕ್ಕೆ ಬಂತು. ಕಾವಲು ಓಡುತ್ತಿದೆ ಕಣಮ್ಮ.

ಹೋದ ವರ್ಷ ಈ ಚುಕ್ಕೆ ನೋಡುವ ಬುದ್ಧಿ ಯಾರಿಗಿತ್ತು? ಕಾವು ಏರಿದರೆ ಫೋನು ಕೂಗುತ್ತದೆ ಎಂದು ನಂಬಿ ಎಲ್ಲರೂ ಚಿಂತಾಮಣಿಗೆ ಮದುವೆಗೆ ಹೋದೆವು. ಫೋನು ಸುಮ್ಮನಿದೆ, ಹಾಗಾದರೆ ಒಳಗೆ ತಂಪಾಗಿದೆ ಎಂದುಕೊಂಡು ಮತ್ತೊಂದು ಸಲ ಪಾಯಸ ಹಾಕಿಸಿಕೊಂಡೆವು. ಇಲ್ಲಿ ಕರೆಂಟ್ ಹೋಗಿ ಬಂದಿತ್ತು. ಕಂಪ್ಯೂಟರ್ ಎದ್ದಿತ್ತು, ಅದರೊಳಗಿನ ಕಾವಲು ಎದ್ದಿರಲಿಲ್ಲ. ತಾನಾಗಿ ಏಳು ಎಂದು ನೀನು ಅದಕ್ಕೆ ಹೇಳುವುದನ್ನು ಮರೆತಿದ್ದೆ. ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಕಾವಿಗೆ ಕಪ್ಪಗಾಗಿ ಸತ್ತುಬಿದ್ದಿದ್ದವು. ನಿಮ್ಮಪ್ಪ ನೆಂಟರೆದುರೇ ಅಂದ, “ಹುಳ ಸಾಯಿಸೋಕೆ ಓದಿಸಿದ್ನಾ ನಿನ್ನ?” ಅವನ ನಾಲಿಗೆಗೆ ಬರೆ ಹಾಕಬೇಕಿತ್ತು. ನೀನೇನು ಕಡಿಮೆಯವಳೇ? ಆವತ್ತು ಬ್ಯಾಗು ಹಿಡಿದು ಹೊರಟವಳು ಹಬ್ಬಕ್ಕೂ ಬರಲಿಲ್ಲ. ಇಬ್ಬರೂ ಒಂದೇ ಅಚ್ಚು.

ಮಳೆ ಬಿದ್ದು ಹಿಪ್ಪುನೇರಳೆ ಮೊಳಕಾಲುದ್ದ ಚಿಗುರಿದೆ. ನಿಮ್ಮಮ್ಮ ನಿನ್ನ ಮಂಚದ ಮೇಲೆ ಈರುಳ್ಳಿ ಹರವಲು ಹೋದಳು, ಬಿಡಲಿಲ್ಲ ನಾನು. ಬಾ. ಆ ಕಾವಲಿಗೆ ತಾನಾಗಿ ಏಳುವುದನ್ನು ಕಲಿಸಿ ಹೋಗು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದರೆ ಊಟದ ಹೊತ್ತಿಗೆ ಮನೆ. ಹುರುಳಿಕಾಳಿನ ಬಸ್ಸಾರು, ಮುದ್ದೆ ಮಾಡಿಟ್ಟಿರುತ್ತೇನೆ.

ನೂರು ಕಾಲ ಬಾಳು. ನಾಲಿಗೆ ನನ್ನದೇ ಬರಲಿ, ಹಟ ಮಾತ್ರ ನಿಮ್ಮಪ್ಪನದು ಬೇಡ.

ನಿನ್ನ ಅಜ್ಜಿ,
ಅಮ್ಮಾಜಮ್ಮ

ಕವರ್ ಅಂಟಿಸುವ ಮುಂಚೆ ಇನ್ನೊಂದು: ಯಾರು ಓಡಿಸುತ್ತಾರೆ ಎಂದು ಕೇಳಿದ್ದೆಯಲ್ಲ, ನಿಮ್ಮಪ್ಪನೇ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೋಗಿ ನಿನ್ನ ಸಾಲು ಕುಟ್ಟುತ್ತಾನೆ. ಕಾವಲು ಮಲಗಿದ್ದರೆ ಎಬ್ಬಿಸುತ್ತಾನೆ. ನಿನಗೆ ನಾವು ಹೇಳಿರಲಿಲ್ಲ, ಆ ಬೆಳೆ ಹೋದಮೇಲೆ ಅವನು ಹುಳು ಸಾಕಿಯೇ ಇಲ್ಲ. ಹಿಪ್ಪುನೇರಳೆ ಸೊಪ್ಪನ್ನೆಲ್ಲ ಹುಳು ಸಾಕುವ ಮುನಿನಾರಾಯಣಪ್ಪನಿಗೆ ಮಾರುತ್ತಾನೆ. ಹುಳುಮನೆ ಖಾಲಿ. ಇವತ್ತು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ, “ಯಾವ ಹುಳ ಕಾಯ್ತಿದೀಯೋ ರಮೇಶಾ?” ಹಸಿರು ಚುಕ್ಕೆಗೆ ಬೆರಳಿಟ್ಟು ಕೇಳಿದ:

“ಇದು ಓಡ್ತಿದ್ರೆ ಅವಳಿಗೆ ಅಲ್ಲಿ ಗೊತ್ತಾಗುತ್ತೇನಮ್ಮಾ?”

“ಗೊತ್ತಾಗುತ್ತೆ ಕಣೋ.”

“ಹಂಗಾದ್ರೆ ಓಡ್ಲಿ ಬಿಡು” ಅಂದ.