ಮೇಲಿನ ಡಬ್ಬದ ಅಡಾಪ್ಟರ್

ಸಾಯಿಕುಮಾರ್ ಅವರಿಗೆ,

ಮದುವೆಯಾಗಿ ಆರು ವರ್ಷ ನಿಮ್ಮನ್ನು ‘ರೀ’ ಎಂದೇ ಕರೆದೆ. ಇವತ್ತು ಹಾಗೆ ಕರೆಯಲು ಮನಸ್ಸಿಲ್ಲ. ಎದುರಿಗೆ ಕೂತು ಹೇಳೋಣವೆಂದರೆ ಟೀವಿ ಸೌಂಡು ಜಾಸ್ತಿ ಮಾಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಮಧ್ಯದಲ್ಲಿ ಎದ್ದು ಹೋಗಬೇಡಿ.

ಹೊಸದಾಗಿ ನೆಟ್ ಹಾಕಿಸಿದಾಗ ನೀವೇ ಹೇಳಿದ್ದಿರಿ: “ಅಗಲೊತ್ತು ನಮ್ ಏರಿಯಾಗೆ ನೆಟ್ ಬಿಡಲ್ಲ ಕಣೆ. ಕರೆಂಟಿದ್ದಂಗೆ, ಪಾಳಿ ಐತೆ.” ನಂಬಿದೆ. ನೀರಿಗೂ ಪಾಳಿ, ಕರೆಂಟಿಗೂ ಪಾಳಿ ಇರುವ ಊರಲ್ಲಿ ನೆಟ್ಟಿಗೂ ಇರಬಹುದು ಎಂದುಕೊಂಡೆ. ಮನೆಯಲ್ಲಿ ವೈಫೈ ಇರುವಾಗ ಡೇಟಾ ಯಾಕೆ ಎಂದು ನನ್ನ ಫೋನಿಗೆ ಬರೀ ಮಾತಾಡುವ ರೀಚಾರ್ಜ್ ಮಾಡಿಸಿದಿರಿ. ಅದಕ್ಕೂ ತಲೆಯಾಡಿಸಿದೆ.

ಎಂಟು ತಿಂಗಳು ನನ್ನ ಸಿಟ್ಟನ್ನೆಲ್ಲ ತಿಂದವರು ಕೇಬಲ್ ಆಫೀಸಿನ ಸೆಲ್ವರಾಜ್. ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. “ನಿಮ್ ಮನೆ ಡಬ್ಬ ಆಫ್ ಅಂತ ಇಲ್ಲಿ ತೋರಿಸ್ತೈತೆ ಮಾ” ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು. ನಾನು ಟೀವಿ ಪಕ್ಕದ ಎರಡು ಕೊಂಬಿನ ಡಬ್ಬ ನೋಡುತ್ತಿದ್ದೆ. ಲೈಟು ಹಸಿರಾಗಿ ಉರಿಯುತ್ತಿತ್ತು, ಫೋನಿನಲ್ಲಿ ವೈಫೈ ಗೆರೆಗಳು ಪೂರ್ತಿ ಇರುತ್ತಿದ್ದವು. “ಕಣ್ಣಾರೆ ನೋಡ್ತಾ ಇದೀನಿ, ಸುಳ್ಳು ಹೇಳ್ತೀರಾ?” ಎಂದು ರೇಗುತ್ತಿದ್ದೆ. ಪಾಪ, ಸಂಜೆ ಅವರು ಬಂದರೆ ನೀವು ಬಾಗಿಲಲ್ಲೇ ನಿಂತು, “ಈಗ ಬತ್ತೈತೆ ಓಗಪ್ಪ” ಎಂದು ಸಾಗಹಾಕುತ್ತಿದ್ದಿರಿ.

ಹದಿನೈದು ದಿನದ ಹಿಂದೆ ರಾಬರ್ಟ್‌ಸನ್‌ಪೇಟೆಯ ಅವರ ಆಫೀಸಿಗೇ ಹೋಗಿ ಜಗಳ ತೆಗೆದೆ. ಮಧ್ಯಾಹ್ನವೇ ಜೊತೆಯಲ್ಲಿ ಬಂದರು. ಕೊಂಬಿನ ಡಬ್ಬ ನೋಡಿ ನಕ್ಕರು. “ಇದು ಬರೀ ರೂಟರ್ ಮಾ. ಮನೆಯೊಳಗೆ ಅಂಚೋದು ಅಷ್ಟೇ ಇದರ ಕೆಲ್ಸ. ಟ್ಯಾಂಕಿಗೆ ನೀರೇ ಬರ್ದೆ ನಲ್ಲಿ ತಿರುವಿದ್ರೆ ಏನ್ ಬತ್ತೈತೆ?” ಎಂದರು. ಆಮೇಲೆ ಬೀದಿಯಿಂದ ಬರುವ ತೆಳ್ಳನೆಯ ಹಳದಿ ವೈರನ್ನು ಹಿಡಿದುಕೊಂಡು ಹೋಗಿ, ಸ್ಟೂಲ್ ಹತ್ತಿ, ಬಾಗಿಲ ಮೇಲಿನ ಅಟ್ಟದಲ್ಲಿ ನೀವು ಹಳೇ ಟವಲ್ ಹೊದಿಸಿಟ್ಟಿದ್ದ ಬಿಳಿ ಡಬ್ಬ ತೋರಿಸಿದರು. ಮೋಡೆಮ್ ಅಂತೆ. ನೆಟ್ ಬರುವುದು ಅದಕ್ಕೆ, ಅಲ್ಲಿಂದ ನೀಲಿ ಲ್ಯಾನ್ ವೈರಿನಲ್ಲಿ ರೂಟರಿಗೆ. ಅದರಲ್ಲಿ ಒಂದು ಲೈಟೂ ಇರಲಿಲ್ಲ. “ಇದರ ಅಡಾಪ್ಟರ್ ಎಲ್ಲಿ ಮಾ?” ಎಂದು ಕೇಳಿದರು. ಪ್ಲಗ್ ತೂತಿನ ಮೇಲೆ ಬೆರಳಾಡಿಸಿ, “ಸುತ್ತ ಧೂಳೈತೆ, ಇಲ್ಲಿ ಮಾತ್ರ ಇಲ್ಲ. ದಿನಾ ಕಿತ್ತು ಆಕ್ತಾವ್ರೆ” ಎಂದರು. ನನ್ನ ಮುಖ ನೋಡಿ ಸ್ಟೂಲ್ ಇಳಿದರು. ಪರಗಂಡಸಿನ ಎದುರು ನಾನು ತಲೆ ತಗ್ಗಿಸಿ ನಿಂತಿದ್ದೆ.

ಸಂಜೆ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಟಿಫಿನ್ ಬ್ಯಾಗಿನಿಂದ ಅಡಾಪ್ಟರ್ ತೆಗೆದಿರಿ, ಸ್ಟೂಲ್ ಹತ್ತಿದಿರಿ, ಇಳಿದು ಬಂದು “ಬಂತು ನೋಡೆ ನೆಟ್ಟು!” ಎಂದು ಖುಷಿಯಾಗಿ ಕೂಗಿದಿರಿ. ಎಷ್ಟು ಚೆನ್ನಾಗಿ ನಟಿಸುತ್ತೀರಿ!

ನಾನು ರೀಲ್ಸ್ ನೋಡುತ್ತಾ ಕೂರುತ್ತೇನೆಂದು ಹಾಗೆ ಮಾಡಿದಿರಾ? ಇರಲಿ, ಅದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಎರಡು ತಿಂಗಳ ಹಿಂದಿನ ಆ ಮಂಗಳವಾರ? ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿ ಆರು ವರ್ಷ ಟ್ರಂಕಿನಲ್ಲಿಟ್ಟ ಸರ್ಟಿಫಿಕೇಟಿಗೆ ಮೊದಲ ಸಲ ಕರೆ ಬಂದಿತ್ತು. ಬೆಳಗ್ಗೆ ಹನ್ನೊಂದಕ್ಕೆ ವಿಡಿಯೊ ಇಂಟರ್‌ವ್ಯೂ. ಅದೊಂದು ದಿನ ನೆಟ್ ಬಿಡಿಸಿಕೊಡಿ ಎಂದು ನಿಮ್ಮ ಕೈಯಲ್ಲೇ ಹೇಳಿದೆ. “ಕೇಬಲ್‌ನೋರ್ಗೆ ಏಳ್ತೀನಿ ಬಿಡು. ಆಲ್ ದಿ ಬೆಸ್ಟ್” ಎಂದು ತಲೆ ಸವರಿ ಹೋದಿರಿ. ಬ್ಯಾಗಿನಲ್ಲಿ ಅಡಾಪ್ಟರ್ ಇಟ್ಟುಕೊಂಡು ತಲೆ ಸವರಿದಿರಿ! ಹೊಸ ಚೂಡಿದಾರ್ ಹಾಕಿ ಫೋನಿನ ಮುಂದೆ ಕೂತೆ. ಪಕ್ಕದ ಮನೆ ಚಿಕ್ಕವೆಂಕಟಮ್ಮನ ಹತ್ತಿರ ಇರುವುದು ಬಟನ್ ಫೋನು. ಬೀದಿ ಕೊನೆಯ ಅಂಗಡಿಗೆ ಓಡಿ ರೀಚಾರ್ಜ್ ಮಾಡಿಸಿ ಬರುವಷ್ಟರಲ್ಲಿ ಲ್ಯಾಬಿನವರು ಇಂಟರ್‌ವ್ಯೂ ಮುಗಿಸಿದ್ದರು. ಸಂಜೆ ಅಳುತ್ತಾ ಕೂತಿದ್ದವಳಿಗೆ ನೀವು ಹೇಳಿದ ಸಮಾಧಾನ ನೆನಪಿದೆಯಾ? “ನಿನ್ ಅಣೇಲಿ ಬರ್ದಿಲ್ಲ ಬಿಡೆ.”

ಬರೆದಿತ್ತು. ನೀವು ಅಳಿಸಿದಿರಿ.

ಸೆಲ್ವರಾಜ್ ಎಷ್ಟು ವೋಲ್ಟ್ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮಾರ್ಕೆಟ್ಟಿನಲ್ಲಿ ನನ್ನದೇ ಒಂದು ಅಡಾಪ್ಟರ್ ತಂದೆ. ಹದಿನೈದು ದಿನದಿಂದ ನೀವು ನಿಮ್ಮದನ್ನು ಬೆಂಗಳೂರಿನ ಕೆಲಸಕ್ಕೆ ಹೊತ್ತುಕೊಂಡು ಹೋಗುತ್ತಿದ್ದೀರಿ, ನಾನು ಇಲ್ಲಿ ಸ್ಟೂಲ್ ಹತ್ತಿ ನನ್ನದನ್ನು ಸಿಕ್ಕಿಸುತ್ತಿದ್ದೇನೆ, ನೀವು ಬರುವ ಮೊದಲು ಕಿತ್ತಿಡುತ್ತಿದ್ದೇನೆ. ಕಳ್ಳತನ ನಿಮ್ಮಿಂದಲೇ ಕಲಿತೆ. ಮೊನ್ನೆ ಇನ್ನೊಂದು ಲ್ಯಾಬಿನವರು ಇಂಟರ್‌ವ್ಯೂ ಮಾಡಿದರು. ಅರ್ಧ ಗಂಟೆ ಮಾತಾಡಿದೆ, ಒಂದು ಸಲವೂ ಕಟ್ ಆಗಲಿಲ್ಲ. ವೈಟ್‌ಫೀಲ್ಡಿನಲ್ಲಿ ಕೆಲಸ, ಸೋಮವಾರದಿಂದ.

ಕೋರಮಂಡಲ್ ಸ್ಟೇಷನ್ನಿನಲ್ಲಿ ನಿಮ್ಮದೇ ರೈಲು ಹತ್ತುತ್ತೇನೆ. ನನಗೆ ಸೀಟು ಹಿಡಿಯಬೇಡಿ, ಹೆಂಗಸರ ಬೋಗಿಯಲ್ಲಿ ನಿಂತಾದರೂ ಹೋಗುತ್ತೇನೆ. ದಿನಾ ಜೊತೆಯಲ್ಲಿ ಇಸ್ಪೀಟಾಡುವ ನಿಮ್ಮ ಸ್ನೇಹಿತರು ಯಾರಾದರೂ “ಏನಮ್ಮಾ, ಇಷ್ಟು ವರ್ಷ ಯಾಕೆ ಕೆಲಸಕ್ಕೆ ಬರಲಿಲ್ಲ?” ಎಂದು ಕೇಳಿದರೆ, ನಾನು ಸುಳ್ಳು ಹೇಳುವುದಿಲ್ಲ.

ಚೆನ್ನಾಗಿರಿ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಹೆಸರಿಗಷ್ಟೇ,
ಸಹನ