ಮಾಧವಿ ಮೇಡಂ ಪಾಠ ಮತ್ತು ನಾನು ಕೊಟ್ಟ ದೂರು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಚಾಮರಾಜಪೇಟೆಯ ನಮ್ಮ ಶಾಲೆಯ ಇತಿಹಾಸ ಶಿಕ್ಷಕಿ ಮಾಧವಿಯವರನ್ನು ತಾವು ತರಗತಿಯಿಂದ ಹೊರಗಿಟ್ಟಿದ್ದೀರಿ. ಅದು ಅನ್ಯಾಯ. ಆ ಅನ್ಯಾಯವನ್ನು ದಯಮಾಡಿ ಎಸಗಬೇಕೆಂದು ತಮ್ಮನ್ನು ಲಿಖಿತವಾಗಿ ಕೇಳಿಕೊಂಡವನು ನಾನೇ. ಆದ್ದರಿಂದ ಈ ಪತ್ರದಲ್ಲಿ ಬರುವ ಕಟುಮಾತುಗಳಲ್ಲಿ ದೊಡ್ಡ ಪಾಲು ನನ್ನದೇ ಇರಲಿ, ಉಳಿದದ್ದನ್ನು ತಾವು ಸ್ವೀಕರಿಸಬೇಕು.

ಮೊದಲು ತಮ್ಮ ದಕ್ಷತೆಗೆ ಅಭಿನಂದನೆ. ಶಾಲೆಯ ಸೋರುವ ಸೂರು, ಹೆಣ್ಣುಮಕ್ಕಳ ಶೌಚಾಲಯಕ್ಕಿಲ್ಲದ ಬಾಗಿಲು, ಇವುಗಳ ಬಗ್ಗೆ ಪೋಷಕರ ಸಂಘದ ಅಧ್ಯಕ್ಷನಾಗಿ ನಾನು ಸಲ್ಲಿಸಿದ ಮನವಿಗಳು ತಮ್ಮ ಕಚೇರಿಯಲ್ಲಿ ಇಂದಿಗೂ ಸುಖನಿದ್ರೆಯಲ್ಲಿವೆ. ಒಬ್ಬ ಶಿಕ್ಷಕಿಯ ವಿರುದ್ಧ ಬರೆದದ್ದು ಮಾತ್ರ ವಾರ ಕಳೆಯುವುದರೊಳಗೆ ಆದೇಶವಾಗಿ ಹೊರಬಂತು. ವಿಚಾರಣೆ ಇಲ್ಲ, ಆಕೆಯ ಹೇಳಿಕೆ ಇಲ್ಲ. ವೃತ್ತಿಯಿಂದ ವಕೀಲನಾದ ನನಗೆ ಅಷ್ಟು ಸಲೀಸಾದ ಗೆಲುವು ಯಾವ ಕೋರ್ಟಿನಲ್ಲೂ ಸಿಕ್ಕಿರಲಿಲ್ಲ.

ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ‘ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಭಿನ್ನಾಭಿಪ್ರಾಯ’ ಎಂದಷ್ಟೇ ಹೇಳಿದರೆ ಸಾಕು, ಮಕ್ಕಳ ಮನಸ್ಸು ಕೆಡಿಸುವ ವಿವರ ಬೇಡ ಎಂದು ತಮ್ಮ ಆದೇಶದಲ್ಲಿದೆ. ಯಾವುದರ ಬಗ್ಗೆ ಭಿನ್ನಾಭಿಪ್ರಾಯ, ಮಾನ್ಯರೇ? ಸಾರಿಗೆ ಉಪ್ಪು ಹೆಚ್ಚಾಯಿತೆಂದು ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರೇ?

ಮಾಧವಿಯವರು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿದ್ದು ಇಷ್ಟು. ಮನುಷ್ಯರನ್ನು ಕೊಂಡು ಮಾರುವ ರಾಜ್ಯಗಳೂ ಅದನ್ನು ಬಿಟ್ಟ ರಾಜ್ಯಗಳೂ ಒಂದೇ ದೇಶದಲ್ಲಿದ್ದವು. ಹೊಸ ಸೀಮೆಗಳು ಸೇರಿದಂತೆಲ್ಲ ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಜಗಳ ಎದ್ದಿತು. ನಕಾಶೆಯ ಮೇಲೆ ಗೆರೆ ಎಳೆದು, ಇದರ ಕೆಳಗೆ ಇರಲಿ, ಮೇಲೆ ಬೇಡ ಎಂದು ರಾಜಿ ಮಾಡಿಕೊಂಡರು. ಗುಲಾಮಗಿರಿಯ ವಿರುದ್ಧ ಪ್ರಜೆಗಳು ಕಳಿಸಿದ ಮನವಿಗಳನ್ನು ಚರ್ಚಿಸದೆ ಬದಿಗಿಡಬೇಕೆಂದು ಅವರ ಜನಪ್ರತಿನಿಧಿಗಳ ಸಭೆ ನಿಯಮವನ್ನೇ ಮಾಡಿತು. ಆಮೇಲೆ ಬಂದದ್ದು ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾನೂನು. ಉತ್ತರಕ್ಕೆ ತಪ್ಪಿಸಿಕೊಂಡು ಬಂದವರನ್ನು ಉತ್ತರದವರೇ ಹಿಡಿದುಕೊಡಬೇಕು, ಅನ್ನ ಕೊಟ್ಟವರಿಗೆ ಜೈಲು. ಹಿಡಿಯಲ್ಪಟ್ಟವನು ತನ್ನ ಪರವಾಗಿ ಸಾಕ್ಷಿ ನುಡಿಯುವಂತಿಲ್ಲ. ತೀರ್ಪು ಯಜಮಾನನ ಪರವಾದರೆ ತೀರ್ಪು ಕೊಟ್ಟವನಿಗೆ ಇಮ್ಮಡಿ ಶುಲ್ಕ! ಅಲ್ಲಿಯವರೆಗೆ ‘ನಮಗ್ಯಾಕೆ ಊರ ಉಸಾಬರಿ’ ಎಂದು ಕೂತಿದ್ದ ಸಾಮಾನ್ಯ ಜನರ ಬಾಗಿಲಿಗೇ ಪಾಪ ಬಂದು ನಿಂತಿತು.

ಮುಂದೆ ಹಳೆಯ ಗೆರೆಯನ್ನೂ ಅಳಿಸಿ, ಆಯಾ ಸೀಮೆಯವರೇ ಮತ ಹಾಕಿ ನಿರ್ಧರಿಸಲಿ ಎಂದರು. ಕಾನ್ಸಾಸ್ ಎಂಬಲ್ಲಿ ಮತದ ಜೊತೆ ರಕ್ತವೂ ಹರಿಯಿತು. ಸಂಸತ್ತಿನೊಳಗೇ ಒಬ್ಬ ಸದಸ್ಯನನ್ನು ಇನ್ನೊಬ್ಬ ಕೋಲಿನಿಂದ ಪ್ರಜ್ಞೆ ತಪ್ಪುವಂತೆ ಬಡಿದ. ಕರಿಯನು ಈ ದೇಶದ ಪ್ರಜೆಯೇ ಅಲ್ಲ ಎಂದಿತು ಅಲ್ಲಿನ ಅತ್ಯುನ್ನತ ನ್ಯಾಯಾಲಯ. ಗುಲಾಮಗಿರಿ ಹೊಸ ಸೀಮೆಗಳಿಗೆ ಹಬ್ಬಬಾರದೆನ್ನುವ ಪಕ್ಷ ಚುನಾವಣೆ ಗೆದ್ದಾಗ ದಕ್ಷಿಣದ ರಾಜ್ಯಗಳು ಒಂದೊಂದಾಗಿ ದೇಶ ಬಿಟ್ಟು ಹೊರಟವು. ಗುಲಾಮಗಿರಿ ಉಳಿಸಿಕೊಳ್ಳಲೆಂದೇ ಹೊರಟೆವೆಂದು ಹಲವು ರಾಜ್ಯಗಳು ತಾವೇ ಬರೆದಿಟ್ಟಿವೆ, ನುಣುಚಿಕೊಳ್ಳದೆ. ಆರೋಪಿಯೇ ಒಪ್ಪಿಕೊಂಡ ಮೇಲೆ ತಾವು ಅವನ ಪರ ವಕಾಲತ್ತು ವಹಿಸುವುದೇಕೆ?

ಇಷ್ಟೆಲ್ಲ ತಿಳಿದವನು ದೂರು ಕೊಟ್ಟದ್ದೇಕೆ ಎಂದು ತಾವು ಕೇಳಬಹುದು. ಹೇಳುತ್ತೇನೆ.

ನಮ್ಮ ಮನೆಯಲ್ಲಿ ಪಿಳ್ಳಮ್ಮ ಎಂಬಾಕೆ ಇದ್ದರು. ಮಾಗಡಿ ಕಡೆಯ ಹಳ್ಳಿಯಿಂದ ಲಂಗ ಉಡುವ ವಯಸ್ಸಿನಲ್ಲಿ ನನ್ನ ಅಜ್ಜಿಯ ಕೈಗೆ ಬಂದವರು. ನನ್ನನ್ನು ಎತ್ತಿ ಆಡಿಸಿದವರು. ನಾನು ಕರಿಕೋಟು ಹಾಕುವವರೆಗೆ ‘ಕಂದಾ’ ಎನ್ನುತ್ತಿದ್ದರು, ಆಮೇಲೆ ‘ಅಯ್ಯ’ ಎಂದರು. ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಮಲಗುತ್ತಿದ್ದರು. ಸಂಬಳದ ಮಾತು ನಮ್ಮಲ್ಲಿ ಏಳಲೇ ಇಲ್ಲ. ಮನೆಯವರಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಅವರು ಕೂತು ಉಣ್ಣುವ ಜಾಗ ಮಾತ್ರ ಹಿತ್ತಿಲ ಮೆಟ್ಟಿಲು.

ನನ್ನ ಮಗಳು ಆರಾಧನಾ ಮಾಧವಿಯವರ ವಿದ್ಯಾರ್ಥಿನಿ. ಪರೀಕ್ಷೆಗೆ ಓದಿಕೊಳ್ಳುತ್ತ ಅಡುಗೆಮನೆಯಲ್ಲಿ ಈ ಪಾಠವನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದಳು. ಅವರೆಕಾಯಿ ಬಿಡಿಸುತ್ತಿದ್ದ ಪಿಳ್ಳಮ್ಮ ಕೈ ನಿಲ್ಲಿಸಿ, “ಅಷ್ಟು ದೂರ ಓಡಿ ಬಂದ್ರೂ ಬಿಡ್ಲಿಲ್ವಾ ಮಗಾ?” ಎಂದು ಕೇಳಿದರಂತೆ.

ಕೆಲವೇ ದಿನಗಳಲ್ಲಿ ಅವರು ನನ್ನ ಬಳಿ ಬಂದು ನಿಂತರು. “ಅಯ್ಯ, ನಮ್ಮಣ್ಣನ ಮಗಳು ತೇಜಶ್ರೀ ಮತ್ತಿಕೆರೇಲಿ ಓದೋ ಹುಡುಗ್ರಿಗೆ ಮೆಸ್ ನಡಿಸ್ತಾಳೆ. ಕರೀತಾ ಅವ್ಳೆ. ಅಲ್ಲೇ ಇದ್ಬಿಡ್ತೀನಿ.”

“ಅಮ್ಮನ್ನ ಯಾರು ನೋಡ್ಕೋತಾರೆ ಪಿಳ್ಳಮ್ಮ? ಈಗ ಆಗಲ್ಲ” ಎಂದೆ. ಅದೊಂದು ಅರ್ಜಿ ಎಂದು ಭಾವಿಸಿ ವಜಾ ಮಾಡಿದೆ. ಮರುದಿನ ಬೆಳಗ್ಗೆ ನನ್ನ ತಾಯಿ ಅಂಬುಜಮ್ಮನವರಿಗೆ ಕಾಫಿ ಕೊಟ್ಟು, ಒಂದು ಬಟ್ಟೆಚೀಲ ಹಿಡಿದು ಅವರು ಹೊರಟೇಹೋದರು.

ನಾನು ಏನು ಮಾಡಿದೆ ಗೊತ್ತೇ? ಎಲ್ಲಿದ್ದಾರೆಂದು ಚೆನ್ನಾಗಿ ತಿಳಿದಿದ್ದೂ ಠಾಣೆಗೆ ಹೋಗಿ ‘ಕಾಣೆಯಾಗಿದ್ದಾರೆ’ ಎಂದೆ. ಪರಿಚಯದ ಕಾನ್‌ಸ್ಟೇಬಲ್ ಒಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಮತ್ತಿಕೆರೆಗೆ ಹೋದೆ. ಪಿಳ್ಳಮ್ಮ ಮೆಸ್ಸಿನ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಖಾಕಿ ಕಂಡೊಡನೆ ಎದ್ದು ನಿಂತರು.

“ಏನಮ್ಮಾ, ಯಜಮಾನ್ರು ಪಾಪ ಎಷ್ಟು ಹುಡುಕ್ತಿದಾರೆ! ಹೇಳ್ದೆ ಬಂದ್ಬಿಡೋದಾ? ನಡೀರಿ” ಎಂದರು ಕಾನ್‌ಸ್ಟೇಬಲ್.

ಒಳಗಿಂದ ತೇಜಶ್ರೀ ಬಂದಳು. “ಅತ್ತೆ ಏನು ಕದ್ದು ಬಂದಿದಾರಾ ಸಾರ್? ಪೊಲೀಸ್ ಯಾಕೆ?”

“ಕದ್ದಿದಾರೆ ಅಂತ ಯಾರಮ್ಮ ಹೇಳಿದ್ರು? ಅಮ್ಮ ಊಟ ಬಿಟ್ಟಿದಾರೆ” ಎಂದು ಸುಳ್ಳು ಹೇಳಿದೆ. ತೇಜಶ್ರೀ ಇನ್ನೂ ಏನೋ ಹೇಳುವವಳಿದ್ದಳು. ಪಿಳ್ಳಮ್ಮ ಅವಳ ತೋಳು ಹಿಡಿದು, “ಬೇಡ ಬಿಡವ್ವ, ಮನೆ ಮುಂದೆ ಗಲಾಟೆ ಬೇಡ” ಎಂದು ಕಾರು ಹತ್ತಿದರು.

ಪಿಳ್ಳಮ್ಮನಿಂದ ವಿಷಯ ತಿಳಿದ ಆರಾಧನಾ ಇದನ್ನು ತರಗತಿಯಲ್ಲಿ ಎದ್ದುನಿಂತು ಹೇಳಿದಳು. ಮಾಧವಿಯವರು ನನ್ನನ್ನು ಶಾಲೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, “ಮಗು ಅಳ್ತಿದ್ಲು ಸರ್. ಮನೇಲಿ ಅವಳ ಜೊತೆ ಕೂತು ಮಾತಾಡಿ. ಇದು ಇಲ್ಲಿಂದ ಆಚೆ ಹೋಗಲ್ಲ” ಎಂದರು. ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ನನ್ನ ಮರ್ಯಾದೆ ಉಳಿಸಲು ನೋಡಿದ ಆ ಹೆಂಗಸನ್ನು ನಾನು ಕ್ಷಮಿಸಲಾರದೆ ಹೋದೆ. ಅಂದೇ ತಮಗೆ ದೂರು ಬರೆದೆ: ‘ಪಠ್ಯ ಮೀರಿ ಬೋಧಿಸಿ ಮಕ್ಕಳಲ್ಲಿ ಒಡಕು ಹುಟ್ಟಿಸುತ್ತಿದ್ದಾರೆ.’ ಒಡಕು ಇದ್ದದ್ದು ನನ್ನ ಮನೆಯಲ್ಲಿ.

ಪಿಳ್ಳಮ್ಮನನ್ನು ಯಾರೂ ಸಂತೆಯಲ್ಲಿ ಮಾರಲಿಲ್ಲ, ಬಲ್ಲೆ. ಹತ್ತಿ ಹೊಲದಲ್ಲಿ ಚಾವಟಿ ತಿಂದವರ ನೋವಿನ ಪಕ್ಕದಲ್ಲಿ ಇದನ್ನಿಡುವ ಉದ್ಧಟತನ ನನಗಿಲ್ಲ. ಆದರೆ ‘ನಮ್ಮವರು ಸುಖವಾಗಿಯೇ ಇದ್ದಾರೆ’ ಎಂದು ಆ ದಕ್ಷಿಣದ ಯಜಮಾನರು ಹೇಳುತ್ತಿದ್ದ ಮಾತನ್ನು ನಾನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ತಮ್ಮ ಆದೇಶ ಬಂದ ದಿನ ಆರಾಧನಾ ನನ್ನೆದುರು ನಿಂತಳು. “ಮೇಡಂನ ನೀನೇ ತೆಗಿಸ್ದೆ ಅಲ್ವಾಪ್ಪ?” ಎಂದು ಕೇಳಿದಳು. ಹೂಂ ಎಂದೆ. ಅವಳು ಉಗ್ರಾಣಕ್ಕೆ ಹೋಗಿ ಪಿಳ್ಳಮ್ಮನ ಚೀಲ ತಂದಳು. ಪಿಳ್ಳಮ್ಮ ಬಾಗಿಲವರೆಗೆ ಹೋಗಿ ತಿರುಗಿ ನೋಡಿ, “ಹೋಗ್ಲಾ ಅಯ್ಯ?” ಎಂದರು.

ಕೇಳಬೇಕಾಗಿದ್ದವರು ಅವರಲ್ಲ. ‘ಕ್ಷಮಿಸಿ’ ಎನ್ನಲು ಬಾಯಿ ತೆರೆದೆ. ಬಂದದ್ದು “ಹೋಗ್ಬನ್ನಿ” ಎಂಬುದಷ್ಟೇ. ಅವರನ್ನು ‘ನೀವು’ ಎಂದದ್ದೂ ಅಂದೇ ಮೊದಲು. ಮಗಳು ಅವರನ್ನು ಮತ್ತಿಕೆರೆಗೆ ಬಿಟ್ಟು ಬಂದಳು. ಈಗ ಭಾನುವಾರಗಳಲ್ಲಿ ಅಲ್ಲಿಗೆ ಹೋಗುತ್ತಾಳೆ. ನನ್ನನ್ನು ಕರೆಯುವುದಿಲ್ಲ.

ನನ್ನ ಒತ್ತಾಯ ಇದು. ದೂರು ಸುಳ್ಳೆಂದು ದಾಖಲಿಸಿ ಮಾಧವಿಯವರನ್ನು ಅದೇ ತರಗತಿಗೆ ಮರಳಿಸಿ. ‘ಅನುಕಂಪದ ಮೇರೆಗೆ’ ಎಂಬ ಕಚೇರಿ ಪದ ಬೇಡ, ಆಕೆ ತಪ್ಪು ಮಾಡಿಲ್ಲ. ಪಾಠವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಲು ಬಿಡಿ. ಸುಳ್ಳು ದೂರಿಗೆ ನನ್ನ ಮೇಲೆ ಕ್ರಮ ಕೈಗೊಳ್ಳಿ. ನಾನು ತಕರಾರು ಎತ್ತುವುದಿಲ್ಲ. ಆ ವಿಚಾರಣೆಯಲ್ಲಾದರೂ ಮೊದಲು ಆಕೆಯ ಮಾತು ಕೇಳಿ.

ಇಂತಿ,
ತಮ್ಮ ಕಚೇರಿಯಲ್ಲಿ ಗೆದ್ದ ಅರ್ಜಿದಾರ,
ಕಶ್ಯಪ್
ಚಾಮರಾಜಪೇಟೆ