ದುರುಗಣ್ಣ ಕಿರಿದು ಮಾಡಿದ ಉಪಗ್ರಹ

ಹರಪನಹಳ್ಳಿ, ೧-೧೦-೨೦೦೬, ಭಾನುವಾರ

ಗ್ಯಾನಿಮೀಡ್ ಹಾಳಾಯಿತು. ನಾಡಹಬ್ಬದ ಪ್ರದರ್ಶನಕ್ಕೆಂದು ನೂರು ಕಿಲೋಮೀಟರಿಗೆ ಒಂದು ಮಿಲಿಮೀಟರಿನಂತೆ ಬೇವಿನ ಮರದಲ್ಲಿ ಸಣ್ಣ ಗ್ರಹ, ಉಪಗ್ರಹಗಳ ಗೋಲಗಳನ್ನು ಕಡೆದಿದ್ದೆ. ಗುರುಗ್ರಹದ ಈ ಉಪಗ್ರಹ ವ್ಯಾಸದಲ್ಲಿ ಬುಧಗ್ರಹಕ್ಕಿಂತ ಸುಮಾರು ನಾಲ್ಕು ಮಿಲಿಮೀಟರು ದೊಡ್ಡದಿತ್ತು, ಇರಬೇಕಾದದ್ದೇ ಹಾಗೆ. ತರಬೇತಿ ಕೇಂದ್ರದ ಸಹೋದ್ಯೋಗಿ ದುರುಗಣ್ಣ ಅದನ್ನು ನನ್ನ ತಪ್ಪೆಂದು ತಿಳಿದು, ಆಯುಧಪೂಜೆಗೆ ಮುಂಚೆ ಕಡೆಯುವ ಯಂತ್ರ ಲೇತಿಗೆ ಹಾಕಿ ಕಿರಿದು ಮಾಡಿದ್ದಾರೆ.

“ಉಪಗ್ರಹ ಎಲ್ಲೆರ ಗ್ರಹಕ್ಕಿಂತ ದೊಡ್ಡದಿರ್ತೈತೇನ್ರೀ? ಮಂದಿ ನಕ್ಕಾರು ಅಂತ ಸರಿ ಮಾಡೀನಿ. ಒಂದು ಚಾ ಆದ್ರೂ ಕುಡಿಸ್ರಿ!”

ಚಹಾ ಕುಡಿಸಿದೆ. ಪೂಜೆಯಾಗಿ ಕುಂಕುಮ ಹಚ್ಚಿದ ಲೇತನ್ನು ನಾಳೆ ಸಂಜೆಯವರೆಗೆ ತಿರುಗಿಸುವಂತಿಲ್ಲ. ಪ್ರದರ್ಶನ ನಾಳೆ ಬೆಳಿಗ್ಗೆಯೇ. ಪ್ಲೂಟೊವನ್ನು ಈಗ ಕುಬ್ಜಗ್ರಹವೆನ್ನುವುದೇಕೆಂದು ಮಕ್ಕಳಿಗೆ ವಿವರಿಸುವ ಮೇಜಿನ ಮೇಲೆ ಸುಳ್ಳು ಅಳತೆಯೊಂದನ್ನು ಇಡುವುದು ನನ್ನಿಂದಾಗದು.

ಕೊನೆಗೆ ಹೆಂಡತಿ ನಾಗಲಿಂಗಮ್ಮ ಗೋಧಿಹಿಟ್ಟನ್ನು ಗಟ್ಟಿಯಾಗಿ ನಾದಿಕೊಟ್ಟಳು. ಉಂಡೆ ಕಟ್ಟಿ, ವ್ಯಾಸ ಅಳೆಯುವ ಕ್ಯಾಲಿಪರ್ಸ್ ಹಿಡಿದು ಕುಳಿತೆ.

“ನಿಮ್ಮಂಗ ಅಳದು ರೊಟ್ಟಿ ಬಡದಿದ್ರ ಈ ಮನ್ಯಾಗ ಯಾರೂ ಉಣ್ತಿದ್ದಿಲ್ಲ,” ಎಂದು ನಕ್ಕಳು.

ಐವತ್ತೆರಡು ಬಿಂದು ಏಳು ಮಿಲಿಮೀಟರು ಬೇಕು, ಐವತ್ನಾಲ್ಕು ಬಂದಿದೆ. ಒಣಗುವಾಗ ಎಷ್ಟು ಕುಗ್ಗುತ್ತದೆಂಬುದು ನನಗೆ ತಿಳಿಯದು. ಬುಧನಿಗಿಂತ ದೊಡ್ಡದಾಗಿ ಉಳಿದರೆ ಸಾಕು. ‘ಸಾಕು’ ಎಂದು ಯಾವ ಅಳತೆಯನ್ನೂ ನಾನು ಈವರೆಗೆ ಬಿಟ್ಟವನಲ್ಲ. ಇಂದು ಕೈ ಸೋತಿದೆ, ಕಣ್ಣೂ ಮುಚ್ಚುತ್ತಿದೆ; ಇಷ್ಟಕ್ಕೇ ಬಿಡುತ್ತೇನೆ.